ಮಸಲ್ ಕಾರೂ ನಮ್ಮ ಹಳೆಯ ವಿದ್ಯಾರ್ಥಿನಿಯೂ



ಹುಡುಗಿಯರ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಹೆಡ್‌ಮಿಸ್ಟ್ರೆಸ್ಸಾದವಳು ಮೋಟಾರು ಬಂಡಿಯ ಪಂದ್ಯವನ್ನು ಕುರಿತು ಬರೆಯುವದು ಉಚಿತವೋ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ಹೊಲಿಗೆ, ಸಂಗೀತ, ಆರೋಗ್ಯ ಮೊದಲಾದ ವಿಷಯಗಳನ್ನು ನನ್ನ ಸಹೋದ್ಯೋಗಿನಿಯರು ನನಗಿಂತ ಚೆನ್ನಾಗಿ ಬರೆಯಬಲ್ಲರು. ನಾನಾದರೋ ಇಪ್ಪತ್ತಮೂರು ವರುಷಗಳಿಂದ ಮೇಲಿನ ತರಗತಿಗಳಿಗೆ ಭೌತಶಾಸ್ತ್ರವನ್ನು ಕಲಿಸುತ್ತಾ ಬಂದವಳು. ಆ ಪಾಠವು ನಮ್ಮ ಹುಡುಗಿಯೊಬ್ಬಳ ಕೈಯಲ್ಲಿ ಏನಾಯಿತೆಂಬದನ್ನು 2023ನೆಯ ಇಸವಿಯ ಬೇಸಿಗೆಯ ರಜೆಯಲ್ಲಿ ಅಮೇರಿಕದ ಮಿಶಿಗನ್ ಸಂಸ್ಥಾನದಲ್ಲಿ ಕಣ್ಣಾರೆ ಕಂಡು ಬಂದೆನು. ಅವಳ ಒಪ್ಪಿಗೆಯನ್ನು ಪಡೆದು, ಹೆಸರನ್ನು ಮಾತ್ರ ಬಿಟ್ಟು, ಕಂಡದ್ದನ್ನು ಹೇಳುತ್ತೇನೆ.

ಮೊದಲು ಬಂಡಿಯ ಸಂಗತಿ. ಮಸಲ್ ಎಂದರೆ ಮಾಂಸಖಂಡ. ಸಂಸಾರಿಗಳು ಕೊಳ್ಳತಕ್ಕ ಮಧ್ಯಮ ಗಾತ್ರದ ಕಾರಿನೊಳಗೆ, ದೊಡ್ಡ ಕಾರಿಗೆಂದು ಮಾಡಿದ ಎಂಟು ಸಿಲಿಂಡರುಗಳ ಎಂಜಿನನ್ನು ಕೂಡ್ರಿಸಿದರೆ ಆ ಕಾರು ಗರಡಿಯ ಜಟ್ಟಿಯಂತಾಗುತ್ತದೆ. ಅದನ್ನೇ ಅಮೇರಿಕದವರು ಮಸಲ್ ಕಾರೆಂದು ಕರೆದರು. ಪಾಂಟಿಯಾಕ್ ಎಂಬ ಕಂಪನಿಯ 1964ರ ಜಿ.ಟಿ.ಓ. ಎಂಬ ಬಂಡಿಯಿಂದ ಈ ಸಂತಾನದ ಲೆಕ್ಕವನ್ನು ಹಿಡಿಯುವದು ವಾಡಿಕೆ. ಪಾಂಟಿಯಾಕಿನ ಒಡೆತನವುಳ್ಳ ಜನರಲ್ ಮೋಟಾರ್ಸಿನವರು ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನನ್ನು ಹಾಕಬಾರದೆಂದು ನಿಯಮ ಮಾಡಿದ್ದರು. ಜಾನ್ ಡಿಲೋರಿಯನ್ ಎಂಬ ಎಂಜಿನಿಯರರೂ ಅವರ ಸಂಗಡಿಗರೂ 389 ಘನ ಅಂಗುಲದ, 325 ಅಶ್ವಶಕ್ತಿಯ ಎಂಜಿನನ್ನು ಹಾಕಿ, ಇದು ಹೊಸ ಕಾರಲ್ಲ, ಬೇಕಾದವರು ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳುವ ಹೆಚ್ಚಿನ ಸಾಮಾನು ಎಂದು ಹೇಳಿ ಪಾರಾದರು. ಮೊದಲನೆಯ ವರುಷದಲ್ಲೇ ಮೂವತ್ತೆರಡು ಸಾವಿರಕ್ಕಿಂತ ಹೆಚ್ಚು ಬಂಡಿಗಳು ಮಾರಿ ಹೋದವು. ನಿಯಮವನ್ನು ಮುರಿಯದೆ ಅದರ ಬದಿಯಿಂದ ನುಸುಳುವ ಈ ಜಾಣತನವು ನಮ್ಮ ಬೋರ್ಡಿಂಗಿನಲ್ಲಿದ್ದವರಿಗೆ ಹೊಸದಾಗಿ ಕಾಣಲಾರದು.

ಅದೇ 1964ರ ಎಪ್ರಿಲಿನಲ್ಲಿ ಫೋರ್ಡಿನವರ ಮಸ್ಟಾಂಗ್ ಬಂತು. ಅದಕ್ಕೆ ಎದುರಾಗಿ ಶೆವರ್ಲೆಯವರು 1966ರ ಕೊನೆಯಲ್ಲಿ ಕಮಾರೋ ಎಂಬದನ್ನು ಹೊರಡಿಸಿದರು. ಇವು ಗಾತ್ರದಲ್ಲಿ ಸಣ್ಣವು; ಪೋನಿ, ಎಂದರೆ ತಟ್ಟುಕುದುರೆ, ಎಂಬ ಹೆಸರೂ ಇವಕ್ಕುಂಟು. ಡೆಟ್ರಾಯಿಟ್ ನಗರದಿಂದ ಹೊರಡುವ ವುಡ್‌ವರ್ಡ್ ಎಂಬ ಹೆದ್ದಾರಿಯಲ್ಲಿ ಆ ಕಾಲದ ತರುಣರು ರಾತ್ರಿಯ ಹೊತ್ತು ದೀಪದ ಕಂಬದಿಂದ ದೀಪದ ಕಂಬಕ್ಕೆ ಕದ್ದು ಪಂದ್ಯ ಓಡಿಸುತ್ತಿದ್ದರು. ಮುಂದೆ ವಿಮೆಯ ಹಣ ಏರಿತು. 1970ರಲ್ಲಿ ಗಾಳಿಯ ಶುದ್ಧಿಯ ಕಾನೂನಾಯಿತು. 1973ರಲ್ಲಿ ಅರಬರು ಎಣ್ಣೆಯನ್ನು ತಡೆದರು. ಹೀಗೆ ಈ ಬಂಡಿಗಳ ಪ್ರಾಯವು ಹತ್ತು ವರುಷವೂ ತುಂಬದೆ ಮುಗಿಯಿತು. ಉಳಿದವುಗಳನ್ನು ಈಗಲೂ ಜನರು ಹುಡುಕಿ ತಂದು, ಬಿಚ್ಚಿ, ಬದಲಿಸಿ, ತಾವೇ ಕಟ್ಟಿ, ತಾವೇ ಓಡಿಸುತ್ತಾರೆ. ಇದರಿಂದ ಅವರಿಗೆ ಸಂಬಳವಿಲ್ಲ, ಬಹುಮಾನದ ಹಣವೂ ಇಲ್ಲ.

ನಮ್ಮ ಹುಡುಗಿ ಅಂಥವರಲ್ಲಿ ಒಬ್ಬಳು. ಅವಳು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯ ನರ್ಸು. ಅವಳ ತಂದೆಯವರು ಅವಳು ಏಳನೆಯ ತರಗತಿಯಲ್ಲಿರುವಾಗ ತೀರಿಕೊಂಡರು. ತಾಯಿಯವರು ಬೀಡಿ ಕಟ್ಟಿ ಅವಳನ್ನು ಓದಿಸಿದರು. ನರ್ಸಿಂಗ್ ಶಾಲೆಯ ಫೀಸಿಗೆ ಕುತ್ತಿಗೆಯ ಸರವನ್ನು ಅಡವಿಟ್ಟರು. ನಾನು ನನ್ನ ತಮ್ಮನ ಮನೆಗೆ ಮಿಶಿಗನ್ನಿಗೆ ಹೋಗುತ್ತೇನೆಂದು ಕೇಳಿದೊಡನೆ ಆ ತಾಯಿ ಶಾಲೆಯ ಆಫೀಸಿಗೆ ಬಂದು ಬಾಗಿಲ ಬಳಿಯಲ್ಲೇ ನಿಂತರು. ಮಗಳು ಗುಜರಿಯ ಬಂಡಿಯೊಂದಕ್ಕೆ ಸಂಪಾದನೆಯನ್ನು ಸುರಿಯುತ್ತಾಳೆ, ಗಂಡಸರ ನಡುವೆ ಪಂದ್ಯ ಓಡಿಸುತ್ತಾಳೆ, ಮೂವತ್ತನಾಲ್ಕು ತುಂಬಿದರೂ ಮದುವೆಯ ಮಾತೆತ್ತಿದರೆ ಫೋನು ಇಡುತ್ತಾಳೆ ಎಂದು ಹೇಳಿದರು. ಯಾರೋ ನೆರೆಯ ಹುಡುಗ ಮೊಬೈಲಿನಲ್ಲಿ ಬಂಡಿಯೊಂದು ಪಲ್ಟಿ ಹೊಡೆದು ಹತ್ತಿ ಉರಿಯುವದನ್ನು ತೋರಿಸಿ, ನಿಮ್ಮ ಮಗಳು ಮಾಡುವದು ಇದನ್ನೇ ಎಂದಿದ್ದನಂತೆ. ತಾಯಿಮಗಳಲ್ಲಿ ಮಾತು ನಿಂತು ಆಗಲೇ ಎಂಟು ತಿಂಗಳಾಗಿತ್ತು. "ಟೀಚರ್, ನೀವು ಹೇಳಿದರೆ ಅವಳು ಕೇಳಿಯಾಳು. ಅದನ್ನು ಮಾರಿಬಿಡಲು ಹೇಳಿ" ಎಂದರು. ನೋಡದೆ ಏನನ್ನೂ ಹೇಳಲಾರೆ, ನೋಡಿ ಬಂದು ಇದ್ದದ್ದನ್ನು ಇದ್ದ ಹಾಗೆ ತಿಳಿಸುತ್ತೇನೆ ಎಂದು ಮಾತು ಕೊಟ್ಟೆನು.

ಆದಕಾರಣ ಒಬ್ಬ ಇನ್ಸ್‌ಪೆಕ್ಟ್ರೆಸಳ ಮನಸ್ಸಿನಿಂದಲೇ ನಾನು ಅವಳ ಮನೆಗೆ ಹೋದೆನೆಂದು ಹೇಳಬೇಕು. ಮನೆಗೆ ತಾಗಿದ ಗರಾಜಿನಲ್ಲಿ ಆ ಬಂಡಿ ನಿಂತಿತ್ತು: 1967ರ ಕಮಾರೋ, ಕಡು ನೀಲಿ ಬಣ್ಣ, ಒಂದು ಬಾಗಿಲಿಗೆ ಇನ್ನೂ ಬಣ್ಣವೇ ಇಲ್ಲ. ಒಬ್ಬ ರೈತನ ಕೊಟ್ಟಿಗೆಯಲ್ಲಿ ಅನೇಕ ವರುಷ ಇಟ್ಟಿಗೆಯ ಮೇಲೆ ಕೂತಿದ್ದುದನ್ನು ಅವಳು ಕೊಂಡು ತಂದಿದ್ದಳು. ಗೋಡೆಯ ಮೇಲೆ ಪ್ರತಿಯೊಂದು ಸ್ಪಾನರಿಗೂ ಅದರ ಆಕಾರದ ಗೆರೆಯನ್ನು ಎಳೆದು ತೂಗಹಾಕಿದ್ದಳು. ಕೆಲಸ ಮುಗಿದ ಮೇಲೆ ಅವುಗಳನ್ನು ಎಣಿಸುತ್ತಾಳೆ; ಒಂದು ಕಡಿಮೆಯಾದರೆ ಬಾನೆಟ್ಟನ್ನು ಮುಚ್ಚುವದಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹೊಲಿಗೆ ಹಾಕುವ ಮೊದಲು ಕತ್ತರಿಗಳನ್ನೂ ಬಟ್ಟೆಯ ತುಂಡುಗಳನ್ನೂ ಎಣಿಸುವದು ಅವಳ ನಿತ್ಯದ ಅಭ್ಯಾಸವಲ್ಲವೇ! ಬೆಸುಗೆ ಹಾಕುವದನ್ನು ರಾತ್ರಿಯ ತರಗತಿಗೆ ಹೋಗಿ ಕಲಿತಳಂತೆ.

ಅವಳು ಮಾಡಿದ ಕೆಲಸವನ್ನು ಸ್ವಲ್ಪ ವಿವರಿಸುವೆನು, ಯಾಕಂದರೆ ನನ್ನ ಮನಸ್ಸು ತಿರುಗಿದ್ದು ಅಲ್ಲಿಯೇ. ಈ ಜಾತಿಯ ಹಳೆಯ ಬಂಡಿಗೆ ಓಡುವದಕ್ಕೆ ಬಲ ಉಂಟು, ನಿಲ್ಲುವದಕ್ಕೂ ತಿರುಗುವದಕ್ಕೂ ಸಾಕಷ್ಟಿಲ್ಲ. ಅದರಲ್ಲಿದ್ದುದು 327 ಘನ ಅಂಗುಲದ, 210 ಅಶ್ವಶಕ್ತಿಯ ಎಂಜಿನು. ಅದನ್ನು ನಿಲ್ಲಿಸತಕ್ಕದ್ದು ನಾಲ್ಕು ಚಕ್ರಗಳಲ್ಲೂ ಡ್ರಮ್ ಬ್ರೇಕು. ವೇಗವು ಎರಡು ಪಟ್ಟಾದರೆ ಬ್ರೇಕು ಕುಡಿಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆಂದು ನೀವೆಲ್ಲರೂ ನನ್ನ ತರಗತಿಯಲ್ಲಿ ಬರೆದಿದ್ದೀರಿ. ಆ ಶಕ್ತಿಯೆಲ್ಲಾ ಕಾವಾಗಿ ಮುಚ್ಚಿದ ಡ್ರಮ್ಮಿನೊಳಗೆ ಸೇರುತ್ತದೆ. ಎರಡು ಮೂರು ಸಲ ಬಲವಾಗಿ ಹಿಡಿದ ಮೇಲೆ ಬ್ರೇಕು ಸೋಲುತ್ತದೆ. ಆದ್ದರಿಂದ ಹುಡುಗಿ ಎಂಜಿನನ್ನು ಮುಟ್ಟುವ ಮೊದಲು ಮುಂದಿನ ಚಕ್ರಗಳಿಗೆ, ಗಾಳಿಗೆ ತೆರೆದಿರುವ ಡಿಸ್ಕ್ ಬ್ರೇಕುಗಳನ್ನು ಹಾಕಿದಳು. ಬೇರೆಯವರು ಸಾಧಾರಣವಾಗಿ ಇದಕ್ಕೆ ತಿರುಗಮುರುಗವಾಗಿ ಮಾಡುತ್ತಾರಂತೆ. ಮೊದಲು ಗದ್ದಲ, ಆಮೇಲೆ ಬ್ರೇಕು.

ಕಮಾರೋ ಬಂಡಿಯ ಮುಂಭಾಗದ ಚೌಕಟ್ಟು ಬೇರೆ, ಹಿಂದಿನ ಮೈ ಬೇರೆ. ಎರಡನ್ನೂ ರಬ್ಬರಿನ ಮೆತ್ತೆಯಿಟ್ಟು ಬೋಲ್ಟಿನಿಂದ ಬಿಗಿದಿದ್ದಾರೆ. ಹೀಗಿರುವದರಿಂದ ತಿರುವಿನಲ್ಲಿ ಬಂಡಿಯು ಒದ್ದೆ ಬಟ್ಟೆಯಂತೆ ಸ್ವಲ್ಪ ಹಿಂಡಿಕೊಳ್ಳುತ್ತದೆ. ಅವಳು ಚೌಕಾಕಾರದ ಉಕ್ಕಿನ ಕೊಳವೆಗಳನ್ನು ಕೊಯ್ದು, ಮುಂದಿನ ಚೌಕಟ್ಟಿನಿಂದ ಹಿಂದಿನ ತನಕ ಎರಡು ಬದಿಗೂ ಬೆಸೆದಳು. ಹಿಂದಿನ ಚಕ್ರಗಳಿಗೆ ಒಂದೊಂದೇ ಪಟ್ಟಿಯ ಸ್ಪ್ರಿಂಗಿತ್ತು. ವೇಗ ಕೊಟ್ಟರೆ ಚಕ್ರವು ನೆಲ ಬಿಟ್ಟು ಕುಪ್ಪಳಿಸುತ್ತಿತ್ತು. ಅದನ್ನು ತೆಗೆದು ಹಲವು ಪಟ್ಟಿಗಳದನ್ನು ಹಾಕಿದಳು. ಬ್ಯಾಟರಿಯನ್ನು ಮುಂದಿನಿಂದ ಡಿಕ್ಕಿಗೆ ಸಾಗಿಸಿದಳು, ಯಾಕಂದರೆ ಮೂಗಿನ ಮೇಲೆ ಆಗಲೇ ಕಬ್ಬಿಣದ ಎಂಜಿನಿನ ಭಾರ. ಇದಲ್ಲದೆ ಮುಂದಿನ ಚಕ್ರವನ್ನು ಹಿಡಿದಿರುವ ಮೇಲಿನ ತೋಳಿನ ಕೀಲನ್ನು ಮುಕ್ಕಾಲು ಅಂಗುಲದಷ್ಟು ಕೆಳಗಿಳಿಸಲು ಹೊಸ ತೂತುಗಳನ್ನು ಕೊರೆದಳು. ಡಿಕ್ ಗಲ್ಡ್‌ಸ್ಟ್ರಾಂಡ್ ಎಂಬ ಪಂದ್ಯಗಾರರ ಹೆಸರಿನಿಂದ ಈ ಉಪಾಯವು ಪ್ರಸಿದ್ಧ. ಮೊದಲು, ಬಂಡಿಯ ಮೈ ವಾಲಿದಾಗ ಹೊರಗಿನ ಚಕ್ರವೂ ಅದರೊಡನೆ ಹೊರಕ್ಕೆ ವಾಲಿ ಟಯರಿನ ಅಂಚಿನ ಮೇಲೆ ನಿಲ್ಲುತ್ತಿತ್ತು. ಈಗ, ಸೊಂಟದಲ್ಲಿ ಕೊಡ ಹೊತ್ತವಳು ಎದುರು ಬದಿಗೆ ಬಾಗುವಂತೆ, ಒಳಕ್ಕೆ ಬಾಗಿ ಟಯರಿನ ಅಗಲವನ್ನೆಲ್ಲಾ ನೆಲಕ್ಕೆ ಊರುತ್ತದೆ. ಮುಕ್ಕಾಲು ಅಂಗುಲಕ್ಕೆ ಇಷ್ಟು ಫಲ!

ಕಡೆಗೆ ಎಂಜಿನು. ನಾಲ್ಕು ಅಂಗುಲ ವ್ಯಾಸದ ಸಿಲಿಂಡರುಗಳು ಸವೆದಿದ್ದುದರಿಂದ ಅವುಗಳನ್ನು ಒಂದು ಅಂಗುಲದ ಸಾವಿರದಲ್ಲಿ ಮೂವತ್ತು ಪಾಲು ಅಗಲಿಸಿ, ಹೊಸ ಪಿಸ್ಟನುಗಳನ್ನು ಹಾಕಿಸಿದಳು. ಇಷ್ಟಾದ ಮೇಲೂ ಉದ್ದವಾದ ಎಡ ತಿರುವಿನಲ್ಲಿ ಎಂಜಿನು ಕೆಮ್ಮಿ ನಿಲ್ಲುತ್ತಿತ್ತಂತೆ. ಕಾರ್ಬುರೇಟರಿನ ಬಟ್ಟಲಿನೊಳಗಿನ ಪೆಟ್ರೋಲು, ತಟ್ಟೆಯ ನೀರಿನಂತೆ, ಒಂದು ಬದಿಗೆ ಏರಿಹೋಗುವದೇ ಕಾರಣ. ನಡುವಿನಲ್ಲಿ ತೂಗುವ ತೇಲುಗುಂಡಿರುವ ಬೇರೆ ಬಟ್ಟಲನ್ನು ಹಾಕಿ ಅದನ್ನು ಸರಿಪಡಿಸಿದಳು. ಇದನ್ನು ಕೇಳಿದಾಗ ನನಗೆ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಆಂಗ್ಲ ಎಂಜಿನಿಯರಳ ನೆನಪಾಯಿತು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷರ ವಿಮಾನಗಳು ಮೂಗನ್ನು ತಟ್ಟನೆ ತಗ್ಗಿಸಿದರೆ ಕಾರ್ಬುರೇಟರು ಕೆಟ್ಟು ಎಂಜಿನು ತಡವರಿಸುತ್ತಿತ್ತು. 1941ರಲ್ಲಿ ಆಕೆ ತೂತುಳ್ಳ ಒಂದು ಸಣ್ಣ ಲೋಹದ ಬಿಲ್ಲೆಯನ್ನು ಪೆಟ್ರೋಲಿನ ದಾರಿಯಲ್ಲಿಡಿಸಿ ಆ ಕಷ್ಟವನ್ನು ಬಹು ಮಟ್ಟಿಗೆ ಕಳೆದಳು. ಆಕೆಯೇ 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬ ಓಟದ ಕಟ್ಟೆಯಲ್ಲಿ ಮೋಟಾರು ಸೈಕಲಿನ ಮೇಲೆ ಘಂಟೆಗೆ ನೂರು ಮೈಲನ್ನು ಮೀರಿ ಸುತ್ತಿ ಚಿನ್ನದ ನಕ್ಷತ್ರವನ್ನು ಪಡೆದಿದ್ದಳು. ಯುದ್ಧದ ತರುವಾಯ ಗಂಡನೊಡನೆ ಕಾರಿನ ಪಂದ್ಯಗಳಲ್ಲೂ ಓಡಿಸಿದಳು. ನಮ್ಮ ಹುಡುಗಿ ಆಕೆಯ ಹೆಸರನ್ನು ಕೇಳಿರಲಿಲ್ಲ. ಅವಳಿಗೆ ಗೊತ್ತಿದ್ದವರು ಜಾನೆಟ್ ಗತ್ರಿ. ಈಕೆ 1960ರಲ್ಲಿ ಅದೇ ಮಿಶಿಗನ್ನಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪದವಿಯನ್ನು ಪಡೆದು, ವಿಮಾನದ ಎಂಜಿನಿಯರಳಾಗಿದ್ದು, ಹಳೆಯ ಜಾಗ್ವಾರ್ ಬಂಡಿಯೊಂದನ್ನು ತನ್ನ ಕೈಯಾರೆ ಸಿದ್ಧಮಾಡಿ ಹವ್ಯಾಸಿಗಳ ಪಂದ್ಯಗಳಲ್ಲಿ ಓಡಿಸುತ್ತಾ ಮೇಲೇರಿದವರು. 1977ರಲ್ಲಿ ಇಂಡಿಯಾನಾಪೊಲಿಸಿನ ಐನೂರು ಮೈಲಿನ ಪಂದ್ಯಕ್ಕಿಳಿದ ಮೊದಲನೆಯ ಹೆಂಗಸು ಇವರೇ. ಮರುವರುಷ ಮಣಿಕಟ್ಟಿನ ಎಲುಬು ಬಿರಿದಿದ್ದರೂ ಓಡಿಸಿ ಒಂಬತ್ತನೆಯವರಾದರು.

ಪಂದ್ಯದ ದಿನ ಭಾನುವಾರವಲ್ಲ, ಶನಿವಾರವಾಗಿತ್ತು. ನನ್ನ ತಮ್ಮನ ಹೆಂಡತಿ ಇದನ್ನು ಮೊದಲೇ ವಿಚಾರಿಸಿದ್ದಳು. ಬಂಡಿಗಳನ್ನು ನಿಲ್ಲಿಸತಕ್ಕ ಒಂದು ವಿಶಾಲವಾದ ಬಯಲಿನಲ್ಲಿ ಕಿತ್ತಳೆ ಬಣ್ಣದ ರಬ್ಬರಿನ ಶಂಕುಗಳನ್ನಿಟ್ಟು ಸೊಟ್ಟಸೊಟ್ಟಾಗಿ ದಾರಿಯನ್ನು ಮಾಡಿದ್ದರು. ಇದಕ್ಕೆ ಆಟೋಕ್ರಾಸೆಂದು ಹೆಸರು. ಒಂದು ಸಲಕ್ಕೆ ಒಂದೇ ಬಂಡಿ ಓಡುತ್ತದೆ; ಎದುರಾಳಿಯು ಗಡಿಯಾರವೇ. ಒಂದು ಶಂಕುವನ್ನು ಬೀಳಿಸಿದರೆ ಎರಡು ಸೆಕೆಂಡು ದಂಡ, ದಾರಿ ತಪ್ಪಿದರೆ ಆ ಓಟವೇ ಲೆಕ್ಕಕ್ಕಿಲ್ಲ. 1944ರಲ್ಲಿ ಹುಟ್ಟಿದ ಅಮೇರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು 1973ರಿಂದ ಇದಕ್ಕೆ ರಾಷ್ಟ್ರೀಯ ಸ್ಪರ್ಧೆಯನ್ನೂ ನಡಿಸುತ್ತಾ ಬಂದಿದ್ದಾರೆ. ಘಂಟೆಗೆ ಅರುವತ್ತು ಮೈಲಿನ ಆಸುಪಾಸೇ ಇಲ್ಲಿಯ ಹೆಚ್ಚಿನ ವೇಗ. ನಮ್ಮ ಹೆದ್ದಾರಿಯ ಎಕ್ಸ್‌ಪ್ರೆಸ್ ಬಸ್ಸಿನವರು ಅದನ್ನು ದಿನಾಲೂ ಜನರನ್ನು ತುಂಬಿಕೊಂಡೇ ಮಾಡುತ್ತಾರೆ.

ಓಟಕ್ಕೆ ಮೊದಲು ಪರೀಕ್ಷಕನೊಬ್ಬನು ಬಂದು ಚಕ್ರಗಳನ್ನು ಅಲುಗಿಸಿ ನೋಡಿದನು; ಬ್ಯಾಟರಿ ಬಿಗಿಯಾಗಿದೆಯೋ, ಎಣ್ಣೆ ಸೋರುತ್ತದೆಯೋ, ಕಾಲು ತೆಗೆದರೆ ವೇಗದ ಪೆಡಲು ತಾನಾಗಿ ಹಿಂದಕ್ಕೆ ಬರುತ್ತದೆಯೋ, ಶಿರಸ್ತ್ರಾಣವು ತಕ್ಕದ್ದೋ ಎಂದು ವಿಚಾರಿಸಿದನು; ಒಳಗೆ ಸಡಿಲವಾಗಿದ್ದ ನೀರಿನ ಬಾಟಲಿಯನ್ನೂ ತೆಗಿಸಿದನು. ಆಮೇಲೆ ಎಲ್ಲರೂ ಕಾಲ್ನಡೆಯಿಂದ ಆ ದಾರಿಯನ್ನು ಸುತ್ತಿ ಬಾಯಿಪಾಠ ಮಾಡಿದರು. ಪರೀಕ್ಷೆಯ ಬೆಳಿಗ್ಗೆ ನಮ್ಮ ವರಾಂಡದಲ್ಲಿ ಹುಡುಗಿಯರು ತುಟಿ ಅಲುಗಿಸುತ್ತಾ ನಡೆಯುವ ಹಾಗೆಯೇ ಅವರೂ ನಡೆದರು. ತಮ್ಮ ಸರದಿ ಇಲ್ಲದಾಗ ಅವರೆಲ್ಲರೂ ಬಿಸಿಲಿನಲ್ಲಿ ನಿಂತು ಇತರರು ಕೆಡವಿದ ಶಂಕುಗಳನ್ನು ಎತ್ತಿ ನಿಲ್ಲಿಸಬೇಕು. ಡಾಕ್ಟರರಿಗೂ ಮೆಕ್ಯಾನಿಕನಿಗೂ ಒಂದೇ ನಿಯಮ. ಇದು ನನಗೆ ಬಹಳ ಹಿಡಿಸಿತು. ಹೆಂಗಸರು ನಾಲ್ವರಿದ್ದರು. ಅವರಲ್ಲಿ ಒಬ್ಬರು ಅಜ್ಜಿ.

ಹಳೆಯ ಮಸಲ್ ಕಾರುಗಳ ವರ್ಗದಲ್ಲಿ ಏಳು ಬಂಡಿಗಳು. ನಮ್ಮವಳ ಮೊದಲನೆಯ ಓಟಕ್ಕೆ 52.3 ಸೆಕೆಂಡು ಹಿಡಿಯಿತು. ಎರಡನೆಯದು 50.9, ಆದರೆ ಒಂದು ಶಂಕು ಬಿತ್ತು. ಅವಳು ಇಳಿದು ಬಂದು ಮಾತಾಡದೆ ಒಂದು ನೋಟು ಪುಸ್ತಕವನ್ನು ತೆರೆದು ಬರೆಯತೊಡಗಿದಳು. ನಾನು ಭುಜದ ಮೇಲಿಂದ ಇಣಿಕಿದೆನು. ಉದ್ದೇಶ, ಉಪಕರಣ, ಕ್ರಮ, ವೀಕ್ಷಣೆ, ತೀರ್ಮಾನ ಎಂದು ನಮ್ಮ ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿರುವ ಶೀರ್ಷಿಕೆಗಳೇ, ಅದೇ ಎಡಬದಿಯ ಕೆಂಪು ಗೆರೆ. ಹಿಂದಿನ ಟಯರುಗಳ ಗಾಳಿಯನ್ನು ಎರಡು ಅಂಶ ಇಳಿಸಿದಳು, ಬೇರೇನನ್ನೂ ಮುಟ್ಟಲಿಲ್ಲ. ಮುಂದಿನ ಚಕ್ರಗಳದ್ದನ್ನೂ ಯಾಕೆ ಇಳಿಸಬಾರದು ಎಂದು ಕೇಳಿದೆನು. "ಟೀಚರ್, ಎರಡನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗ್ತದೆ? ನೀವೇ ಹೇಳಿಕೊಟ್ಟದ್ದಲ್ಲವಾ?" ಎಂದಳು. ಮೂರನೆಯ ಓಟ 50.4. ಒಟ್ಟಿನಲ್ಲಿ ನಾಲ್ಕನೆಯವಳಾದಳು.

ಸ್ಪರ್ಧೆ ಮುಗಿದ ಮೇಲಿನ ಬಿಡಿ ಓಟಗಳಲ್ಲಿ ಜೊತೆಗೊಬ್ಬರನ್ನು ಕೂಡ್ರಿಸಿಕೊಳ್ಳಲು ಬಿಟ್ಟರು. ಹೀಗೆ ನಾನು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ತುರುಬನ್ನು ಬಿಚ್ಚಿ, ಶಿರಸ್ತ್ರಾಣವನ್ನು ಹಾಕಿಕೊಂಡು ಆ ಬಂಡಿಯಲ್ಲಿ ಕೂತೆನು. ಅದು ಮೂರು ಸಾವಿರ ರಾತ್ತಲಿಗಿಂತ ಹೆಚ್ಚು ತೂಗುತ್ತದೆ. ನನ್ನ ತೂಕವನ್ನು ಇಲ್ಲಿ ಬರೆಯಲಾರೆ. ಎಂಜಿನಿನ ಗರ್ಜನೆಗೆ ಹೆದರುವೆನೆಂದು ನಾನು ತಿಳಿದಿದ್ದೆನು, ಆದರೆ ಉಸಿರು ಹಿಡಿಸಿದ್ದು ಬ್ರೇಕು. ಮೊದಲನೆಯ ತಿರುವಿಗೆ ಬರುವಾಗ ಪಟ್ಟಿಯು ನನ್ನ ಹೆಗಲನ್ನು ಹಿಡಿದು ನಿಲ್ಲಿಸಿತು; ಆಮೇಲೆ, ಅವಳು ಬ್ರೇಕನ್ನು ಬಿಡುತ್ತಾ ಬಿಡುತ್ತಾ ಅಷ್ಟಷ್ಟೇ ಸ್ಟೀರಿಂಗನ್ನು ತಿರುಗಿಸುವದನ್ನು ಕಂಡೆನು. ಟಯರಿನ ಹಿಡಿತವು ಒಂದೇ ಗಂಟಿನ ಹಣ. ಅದನ್ನು ತಿರುಗುವದಕ್ಕೂ ನಿಲ್ಲುವದಕ್ಕೂ ಹಂಚಬೇಕು. ಆದರೆ ಹಂಚಿಕೆಯು ಕೂಡಿಕೆಯ ಲೆಕ್ಕದಂತಲ್ಲ, ಲಂಬಕೋನ ತ್ರಿಭುಜದಂತೆ: ಒಟ್ಟು ಹಿಡಿತವು ಐದಾದರೆ, ತಿರುಗುವದಕ್ಕೆ ನಾಲ್ಕನ್ನು ಕೊಟ್ಟ ಮೇಲೂ ನಿಲ್ಲುವದಕ್ಕೆ ಮೂರು ಉಳಿಯುತ್ತದೆ. ಇಷ್ಟು ವರುಷ ಕಪ್ಪು ಹಲಗೆಯ ಮೇಲೆ ಮೂರು, ನಾಲ್ಕು, ಐದು ಎಂದು ಬರೆದ ನನಗೆ ಅದನ್ನು ಬೆನ್ನಿನಿಂದಲೂ ಪಕ್ಕೆಗಳಿಂದಲೂ ಓದುವ ಸಂದರ್ಭವು ಅಂದು ಮಾತ್ರ ಒದಗಿತು.

ಸಂಜೆ ಅವಳ ಅಡಿಗೆಮನೆಯಲ್ಲಿ ಗಂಜಿ, ಉಪ್ಪಿನಕಾಯಿ. ಆಗ ತಾಯಿಯ ಮಾತನ್ನೆತ್ತಿದೆನು. ಅವಳು ಬಹಳ ಹೊತ್ತು ಸುಮ್ಮನಿದ್ದು, ಕೊರೋನದ ವರುಷದಲ್ಲಿ ಈ ಬಂಡಿಯನ್ನು ಕೊಂಡೆನೆಂದು ಹೇಳಿದಳು. "ಆಗ ಶಸ್ತ್ರಚಿಕಿತ್ಸೆ ನಿಲ್ಲಿಸಿ ನಮ್ಮನ್ನು ಆ ವಾರ್ಡಿಗೆ ಹಾಕಿದ್ದರು. ಎಷ್ಟು ಸರಿಯಾಗಿ ಮಾಡಿದರೂ ಜನ ಉಳಿಯಲಿಲ್ಲ, ಟೀಚರ್. ಯಾಕೆ ಉಳಿಯಲಿಲ್ಲ ಅಂತ ಯಾರಿಗೂ ಹೇಳಲಿಕ್ಕೆ ಆಗ್ತಿರಲಿಲ್ಲ. ಮನೆಗೆ ಬಂದು ಇದನ್ನು ಬಿಚ್ಚಿದರೆ, ಕೆಟ್ಟದ್ದಕ್ಕೆ ಒಂದು ಕಾರಣ ಇರ್ತಿತ್ತು. ಕಾರಣ ಸಿಕ್ಕಿದರೆ ಸರಿ ಆಗ್ತಿತ್ತು. ಅಮ್ಮನಿಗೆ ಇದನ್ನು ಹೇಗೆ ಹೇಳುವದು?" ಎಂದಳು. ನನಗೂ ಉತ್ತರ ತೋಚಲಿಲ್ಲ. ಬಳಿಕ ಖರ್ಚಿನ ಪುಸ್ತಕವನ್ನು ತಂದು ತಾನಾಗಿ ತೋರಿಸಿದಳು. ಪ್ರತಿ ತಿಂಗಳ ಮೊದಲನೆಯ ಸಾಲು ತಾಯಿಗೆ ಕಳುಹಿಸಿದ ಹಣ, ಮಾತು ನಿಂತ ಎಂಟು ತಿಂಗಳುಗಳಲ್ಲೂ ತಪ್ಪಿರಲಿಲ್ಲ.

ಎಲ್ಲವನ್ನೂ ನಾನು ಮೆಚ್ಚಿದೆನೆಂದು ತಿಳಿಯಬಾರದು. ಇಂಥ ಎಂಜಿನು ಪೆಟ್ರೋಲನ್ನು ಕುಡಿಯುವ ರೀತಿ ನನಗೆ ಸಹ್ಯವಾಗಲಿಲ್ಲ. ಓಟವು ಅರ್ಧ ಮೈಲು ಮಾತ್ರವಲ್ಲವೇ ಎಂದು ಅವಳು ವಾದಿಸಿದಳು. ಆ ಬಯಲಿಗೆ ಹೋಗಿ ಬರುವ ದಾರಿಯನ್ನೂ ಲೆಕ್ಕಕ್ಕೆ ಸೇರಿಸು ಎಂದೆನು, ನಕ್ಕಳು. ವುಡ್‌ವರ್ಡ್ ಹೆದ್ದಾರಿಯ ಕಳ್ಳ ಪಂದ್ಯಗಳ ಕಥೆಯನ್ನು ಅಲ್ಲಿಯ ಮುದುಕರು ಬಹು ಪ್ರೀತಿಯಿಂದ ಹೇಳುವದೂ ನನಗೆ ಸರಿಬೀಳಲಿಲ್ಲ, ಯಾಕಂದರೆ ದಾರಿಯು ಹಾಲಿನವನಿಗೂ ಶಾಲೆಯ ಮಕ್ಕಳಿಗೂ ಸೇರಿದ್ದು.

ಊರಿಗೆ ಮರಳಿದ ಮೂರನೆಯ ದಿನ ತಾಯಿಯವರ ಮನೆಗೆ ಹೋದೆನು. ಕಂಡದ್ದನ್ನೆಲ್ಲಾ ಹೇಳಿದೆನು, ವಾರ್ಡಿನ ಮಾತನ್ನೂ ಹೇಳಿದೆನು. ಅಪಾಯವೇ ಇಲ್ಲವೆಂದು ಹೇಳಲಿಲ್ಲ. ಆ ಹುಡುಗ ತೋರಿಸಿದ್ದು ಬೇರೆ ಜಾತಿಯ ಪಂದ್ಯವೆಂದೂ, ಇಲ್ಲಿ ಬೀಳುವದು ರಬ್ಬರಿನ ಶಂಕುಗಳೆಂದೂ ತಿಳಿಸಿದೆನು. ಮಗಳು ಬಂಡಿಯ ಕೆಳಗೆ ಮಲಗಿ ಕೆಲಸ ಮಾಡುವ ಚಿತ್ರವನ್ನು ಆ ತಾಯಿ ಬಹಳ ಹೊತ್ತು ನೋಡಿ, "ಜಡೆ ಎತ್ತಿ ಕಟ್ಟಿದ್ದಾಳೆ, ಒಳ್ಳೇದಾಯಿತು" ಎಂದರು. ಆಮೇಲೆ, "ಟೀಚರ್, ಅದು ನಿಲ್ಲುತ್ತದೆಯೋ?" ಎಂದು ಕೇಳಿದರು. ನಿಲ್ಲುತ್ತದೆ, ನಾನೇ ಕೂತು ನೋಡಿದ್ದೇನೆ ಎಂದೆನು. ಬಂಡಿಯನ್ನು ಮಾರು ಎಂದು ನಾನು ಹೇಳಲಿಲ್ಲವೆಂಬದೂ ಅವರಿಗೆ ತಿಳಿಯಿತು. ಅದಕ್ಕಾಗಿ ಸ್ವಲ್ಪ ಬೇಸರವೂ ಉಂಟಾಯಿತೆಂದು ಮುಖ ನೋಡಿ ತಿಳಿದೆನು. ಆ ಭಾನುವಾರ ಅವರೇ ಫೋನು ಮಾಡಿದರಂತೆ. ಬಂಡಿಯ ಮಾತು ಬರಲಿಲ್ಲ, ಹಲಸಿನ ಹಪ್ಪಳದ ಮಾತೇ ಎಲ್ಲಾ ಎಂದು ಹುಡುಗಿ ಬರೆದಳು. ಮದುವೆಯ ಮಾತನ್ನು ತಾಯಿಯವರು ಇನ್ನೂ ಬಿಟ್ಟಿಲ್ಲ.

ಎಂಜಿನಿನಿಂದ ತೆಗೆದ ಎಂಟು ಹಳೆಯ ಪಿಸ್ಟನುಗಳಲ್ಲಿ ಒಂದನ್ನು ಅದರ ದಂಡದ ಸಮೇತ ಅವಳು ಶಾಲೆಗೆ ಕೊಟ್ಟಿದ್ದಾಳೆ. ವಿಮಾನ ನಿಲ್ದಾಣದಲ್ಲಿ ಇದೇನೆಂದು ನನ್ನನ್ನು ಎರಡು ಸಲ ತಡೆದರು. ಈಗ ಅದು ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಿಟಕಿಯ ಪಕ್ಕದ ಕಪಾಟಿನ ಎರಡನೆಯ ಹಲಗೆಯ ಮೇಲಿದೆ, ಬೀಗ ಹಾಕಿಲ್ಲ. ಹಳೆಯ ವಿದ್ಯಾರ್ಥಿನಿಯರ ದಿನದಂದು ಬರುವವರು ಕೈಗೆತ್ತಿಕೊಂಡು ನೋಡಬಹುದು. ಎಷ್ಟು ಒರಸಿದರೂ ಸ್ವಲ್ಪ ಎಣ್ಣೆ ಹತ್ತುತ್ತದೆ, ಆದ್ದರಿಂದ ಒಳ್ಳೆಯ ಸೀರೆಯವರು ಜೋಕೆ.